ಸೈಟೊಕಲಾಸಿನ್ ಕೊಟ್ಟರೆ ಆ್ಯಕ್ಟಿನ್ ಚೌಕಟ್ಟು ಮುರಿಯುತ್ತದೆ, ಆದರೆ ವಿಂಕ್ಯುಲಿನ್ ಜೀನ್ ಯಾಕೆ ಏರುತ್ತದೆ? (ಎಂಡೋಥೀಲಿಯಲ್ ಸೆಲ್)

ತೊಗರಿ_ಕಣಜ, ಕಲಬುರಗಿ:

ಎಲ್ಲರಿಗೂ ನಮಸ್ಕಾರ. ರಕ್ತನಾಳದ ಒಳಪದರದ ಸೆಲ್‌ಗಳಲ್ಲಿ ಆ್ಯಕ್ಟಿನ್ ಚೌಕಟ್ಟು (ಸೆಲ್‌ಗೆ ಆಕಾರ ಕೊಡುವ ಪ್ರೋಟೀನ್ ಎಳೆಗಳು) ಬದಲಾದರೆ ಯಾವ ಜೀನ್ ಏರುತ್ತದೆ, ಯಾವುದು ಇಳಿಯುತ್ತದೆ ಅನ್ನೋದು ವಿಷಯ. ಹೊಕ್ಕುಳಬಳ್ಳಿಯಿಂದ ತೆಗೆದ ಹ್ಯೂವೆಕ್ ಸೆಲ್, 4ನೇ ಪ್ಯಾಸೇಜ್. 6 ವೆಲ್‌ನ ಪ್ಲೇಟ್, ವೆಲ್‌ಗೆ 2 ಮಿ.ಲೀ. ಮೀಡಿಯಂ, ಇನ್‌ಕ್ಯುಬೇಟರ್ ಒಳಗೇ ಆರ್ಬಿಟಲ್ ಶೇಕರ್. ಆರ್ಬಿಟ್ 20 ಮಿ.ಮೀ., ವೇಗ 210 ಆರ್‌ಪಿಎಂ, 24 ಗಂಟೆ. ಶಿಯರ್ ಸ್ಟ್ರೆಸ್ (ಹರಿವು ಸೆಲ್ ಮೇಲೆ ಹಾಕುವ ಸೆಳೆತ) ಲೆಕ್ಕ ಹಾಕಿದರೆ 17.5 ಡೈನ್/ಚ.ಸೆಂ.ಮೀ. ಬರುತ್ತದೆ. ಕೊನೆಯ 4 ಗಂಟೆ ಸೈಟೊಕಲಾಸಿನ್ ಡಿ 1 ಮೈಕ್ರೊಮೋಲಾರ್, ಕಂಟ್ರೋಲ್‌ಗೆ ಬರೀ ಅದನ್ನು ಕರಗಿಸುವ ದ್ರವ, 0.1% ಡಿಎಂಎಸ್‌ಓ. ಇಡೀ ವೆಲ್‌ನಿಂದ ಆರ್‌ಎನ್‌ಎ, 500 ನ್ಯಾನೊಗ್ರಾಂ ಸಿಡಿಎನ್‌ಎಗೆ (ಆರ್‌ಎನ್‌ಎಯ ಡಿಎನ್‌ಎ ಪ್ರತಿ). ಹೋಲಿಕೆಗೆ ಬೀಟಾ-ಆ್ಯಕ್ಟಿನ್ ಜೀನ್.

ಸರಾಸರಿ ಸಿಟಿ (ಕ್ಯೂಪಿಸಿಆರ್‌ನಲ್ಲಿ ಜೀನ್ ಕಾಣಿಸಿಕೊಳ್ಳಲು ಹಿಡಿದ ಸೈಕಲ್; ಕಡಿಮೆ ಇದ್ದಷ್ಟು ಜೀನ್ ಹೆಚ್ಚು) ಹೀಗಿವೆ; ಕೆಎಲ್‌ಎಫ್2 ಹರಿವು ಸಿಕ್ಕರೆ ಏರುವ ಜೀನ್. ಡಿಎಂಎಸ್‌ಓ: ಬೀಟಾ-ಆ್ಯಕ್ಟಿನ್ 17.2, ಕೆಎಲ್‌ಎಫ್2 24.6. ಸೈಟೊಕಲಾಸಿನ್: ಬೀಟಾ-ಆ್ಯಕ್ಟಿನ್ 15.4, ಕೆಎಲ್‌ಎಫ್2 24.5. ಅಂದರೆ ಕೆಎಲ್‌ಎಫ್2 0.31ಕ್ಕೆ ಇಳಿದಿದೆ. ಅದು ಚೆನ್ನಾಗಿಯೇ ಇದೆ ಅನ್ನಿಸಿತು, ಆದರೆ ಮುಂದಿನದು ಅರ್ಥವಾಗುತ್ತಿಲ್ಲ.

ಆ್ಯಕ್ಟಿನ್ ಎಳೆಗೆ ಅಂಟುವ ಫ್ಯಾಲಾಯ್ಡಿನ್ ಬಣ್ಣದಲ್ಲಿ ಎಳೆಗಳೆಲ್ಲ ಹೋಗಿ ಬರೀ ಗಂಟುಗಳು ಕಾಣುತ್ತವೆ, ಔಷಧ ಕೆಲಸ ಮಾಡಿದೆ. ಎಳೆ ಮುರಿದರೆ ಬಿಡಿ ಆ್ಯಕ್ಟಿನ್ ಹೆಚ್ಚಾಗಿ ಎಮ್‌ಆರ್‌ಟಿಎಫ್ ಅನ್ನು (ನ್ಯೂಕ್ಲಿಯಸ್‌ಗೆ ಹೋಗಿ ಜೀನ್ ಏರಿಸುವ ಪ್ರೋಟೀನ್) ನ್ಯೂಕ್ಲಿಯಸ್ ಹೊರಗೇ ಹಿಡಿದಿಡಬೇಕು, ಅದು ಏರಿಸುವ ವಿಂಕ್ಯುಲಿನ್ ಇಳಿಯಬೇಕು. ಇಲ್ಲಿ ವಿಂಕ್ಯುಲಿನ್ ಏರಿದೆ, ಎಮ್‌ಆರ್‌ಟಿಎಫ್ ನ್ಯೂಕ್ಲಿಯಸ್ ಒಳಗೇ ಕೂತಿದೆ. ಸಿಟಿಜಿಎಫ್ ಎಂಬ ಇನ್ನೊಂದು ಜೀನ್ ಒಂದು ಸಲ ಮೇಲೆ, ಒಂದು ಸಲ ಕೆಳಗೆ. ಇನ್ನೊಂದು: ಸೆಲ್‌ಗಳು ಉದ್ದವಾಗಿ ಒಂದೇ ದಿಕ್ಕಿಗೆ ತಿರುಗಿದ್ದು ವೆಲ್‌ನ ಅಂಚಿನಲ್ಲಿ ಮಾತ್ರ, ನಡುವೆ ಹಾಗೇ ಇವೆ. ಎಲ್ಲಿ ತಪ್ಪುತ್ತಿದೆ?

ಭೀಮಾ_ದಂಡೆ, ಯಾದಗಿರಿ:

ಮೊದಲ ಕೆಎಲ್‌ಎಫ್2 ಬಗೆಹರಿಸೋಣ್ರಿ, ಯಾಕಂದ್ರ ನೀವು ಚೆನ್ನಾಗದ ಅಂತ ಬಿಟ್ಟದ್ದೇ ಎಲ್ಲಕ್ಕಿಂತ ಕೆಟ್ಟದ್ದು. ನಿಮ್ಮ ಸಿಟಿ ನೀವೇ ಇನ್ನೊಮ್ಮೆ ನೋಡ್ರಿ. ಕೆಎಲ್‌ಎಫ್2 24.6 ಇದ್ದದ್ದು 24.5 ಆಗ್ಯದ. ಅದು ಅಲುಗೇ ಇಲ್ಲ. ಅಲುಗಿದ್ದು ಬೀಟಾ-ಆ್ಯಕ್ಟಿನ್, 1.8 ಸೈಕಲ್ ಮುಂದ ಬಂದದ. ಎರಡರ 1.8ನೇ ಘಾತ ಅಂದ್ರ ಹತ್ತಿರ ಹತ್ತಿರ ಮೂರೂವರೆ ಪಟ್ಟು. ಆ ಏರಿಕೆನ ನೀವು ಕೆಎಲ್‌ಎಫ್2 ತಲಿಮ್ಯಾಲ ಇಳಿಕೆ ಅಂತ ಹೊರಿಸೀರಿ. 0.31 ಅನ್ನೋ ಅಂಕಿ ಪೂರಾ ಅಲ್ಲಿಂದ ಬಂದದ್ದು.

ಬೀಟಾ-ಆ್ಯಕ್ಟಿನ್ ಜೀನ್ ಸ್ವತಃ ಎಮ್‌ಆರ್‌ಟಿಎಫ್ ಮತ್ತ ಅದರ ಜೋಡಿ ಪ್ರೋಟೀನ್ ಎಸ್‌ಆರ್‌ಎಫ್ ಹಿಡಿತದಾಗ ಇರೋದು. ಆ್ಯಕ್ಟಿನ್ ಕೆದಕೋ ಪ್ರಯೋಗಕ್ಕ ಆ್ಯಕ್ಟಿನ್ ಜೀನ್‌ನೇ ಅಳತೆಗೋಲು ಮಾಡಿದ್ರ ಗೋಲೇ ಉದ್ದ ಗಿಡ್ಡ ಆಗ್ತದ. ಎಷ್ಟೋ ಕಡೆ ಫ್ರೀಜರ್‌ನಾಗ ಆ ಪ್ರೈಮರ್ ಅದ ಅಂತಷ್ಟೇ ಅದನ್ನ ಹಾಕ್ತಾರ, ಬ್ಯಾರೆ ಕಾರಣ ಇರಂಗಿಲ್ಲ. ವಿಂಕ್ಯುಲಿನ್, ಎಸ್‌ಆರ್‌ಎಫ್ ಜೀನ್, ಇವೂ ಅದೇ ಗುಂಪು. ಅಳತೆಗೋಲಿಗೆ ಆರ್‌ಪಿಎಲ್‌ಪಿ0 ಮತ್ತ ಬಿ2ಎಮ್ ಜೀನ್, ಅಥವಾ ಜಿಎಪಿಡಿಎಚ್, ಹಿಂಗ ಎರಡರ ಸರಾಸರಿ ತಗೋರಿ. ಯಾವ ಜೀನ್ ತಗೊಂಡ್ರೂ ಅದರ ಸಿಟಿ ಔಷಧ ಇದ್ದಾಗ, ಇಲ್ಲದಾಗ ಅರ್ಧ ಸೈಕಲ್ ಒಳಗ ನಿಲ್ತದೋ ಇಲ್ಲೋ ಮೊದಲ ನೋಡ್ರಿ. ಸಿಡಿಎನ್‌ಎ ಉಳದಿದ್ರ ಹೊಸ ಪ್ರಯೋಗ ಬ್ಯಾಡ, ಅದರಾಗೇ ಆರ್‌ಪಿಎಲ್‌ಪಿ0 ಓಡಿಸ್ರಿ.

ವೆಸ್ಟರ್ನ್ ಬ್ಲಾಟ್‌ಗೂ ಇದೇ ಮಾತು. ಲೋಡಿಂಗ್ ಕಂಟ್ರೋಲ್ ಅಂತ ಆ್ಯಕ್ಟಿನ್ ಇಡಬ್ಯಾಡ್ರಿ, ಪೂರ್ತಿ ಪ್ರೋಟೀನ್ ಬಣ್ಣ ಹಾಕ್ರಿ.

ಬಿದರಿ_ಕುಸುರಿ, ಬೀದರ್:

ಅಳತೆಗೋಲಿನ ಮಾತು ಭೀಮಾ_ದಂಡೆಯವರು ಹೇಳಿದರು. ವಿಂಕ್ಯುಲಿನ್ ಏರಿದ್ದು ಮಾತ್ರ ನಿಜವಾದ ಏರಿಕೆ. ಅದಕ್ಕೆ ಕಾರಣ ಸೈಟೊಕಲಾಸಿನ್ ಡಿ ಅಂಟಿಕೊಳ್ಳುವ ಜಾಗ.

ಎಮ್‌ಆರ್‌ಟಿಎಫ್ ಪ್ರೋಟೀನಿನ ಮುಂಭಾಗದಲ್ಲಿ ಆರ್‌ಪಿಇಎಲ್ ಎಂಬ ಮೂರು ತುಣುಕುಗಳಿವೆ. ಬಿಡಿ ಆ್ಯಕ್ಟಿನ್ ಅಂದರೆ ಜಿ-ಆ್ಯಕ್ಟಿನ್ ಇವಕ್ಕೆ ಕಚ್ಚಿಕೊಂಡಿದ್ದಷ್ಟು ಹೊತ್ತು ಎಮ್‌ಆರ್‌ಟಿಎಫ್ ಸೈಟೊಪ್ಲಾಸಂನಲ್ಲಿ ಉಳಿಯುತ್ತದೆ. ಸೆಲ್ ಹರಡಿಕೊಂಡು ಎಳೆ ಕಟ್ಟಿದಾಗ ಬಿಡಿ ಆ್ಯಕ್ಟಿನ್ ಖರ್ಚಾಗುತ್ತದೆ, ಎಮ್‌ಆರ್‌ಟಿಎಫ್ ಬಿಡುಗಡೆಯಾಗಿ ನ್ಯೂಕ್ಲಿಯಸ್‌ಗೆ ಹೋಗಿ ಎಸ್‌ಆರ್‌ಎಫ್ ಜೊತೆ ಸೇರುತ್ತದೆ. ಇಲ್ಲಿಯವರೆಗೆ ನೀವು ಓದಿದ್ದು ಸರಿ. ಆದರೆ ಸೈಟೊಕಲಾಸಿನ್ ಡಿ ಎಳೆಯ ತುದಿಯನ್ನು ಮುಚ್ಚುವುದರ ಜೊತೆಗೆ ಬಿಡಿ ಆ್ಯಕ್ಟಿನ್‌ಗೂ ಅಂಟುತ್ತದೆ, ಅದೂ ಆರ್‌ಪಿಇಎಲ್ ಕಚ್ಚುವ ಜಾಗದಲ್ಲೇ. ಹಾಗಾಗಿ ಎಳೆ ಮುರಿದು ಬಿಡಿ ಆ್ಯಕ್ಟಿನ್ ಎಷ್ಟೇ ಹೆಚ್ಚಿದರೂ ಅದು ಎಮ್‌ಆರ್‌ಟಿಎಫ್ ಅನ್ನು ಹಿಡಿಯಲಾರದು. ಲ್ಯಾಟ್ರುನ್ಕುಲಿನ್ ಬಿ ಅಂಟುವುದು ಎಟಿಪಿ ಕೂರುವ ಸೀಳಿನ ಬಳಿ. ಅಲ್ಲಿ ಎಮ್‌ಆರ್‌ಟಿಎಫ್ ಹಿಡಿತ ತಪ್ಪುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಎರಡೂ ಔಷಧ ಎಳೆ ಮುರಿದಂತೆಯೇ ಕಾಣುತ್ತವೆ, ಜೀನ್ ಮಟ್ಟದಲ್ಲಿ ಒಂದಕ್ಕೊಂದು ಉಲ್ಟಾ.

ಈಗ ಸಿಟಿಜಿಎಫ್ ಕಥೆ. ಅದರ ಮೇಲೆ ಇಬ್ಬರು ಯಜಮಾನರು: ಎಮ್‌ಆರ್‌ಟಿಎಫ್-ಎಸ್‌ಆರ್‌ಎಫ್ ಒಂದು, ಯಾಪ್/ಟಾಜ್-ಟೀಡ್ ಇನ್ನೊಂದು. ಯಾಪ್ ನೋಡುವುದು ಸೆಲ್ ಎಷ್ಟು ಹರಡಿದೆ, ಒಳಗೆ ಎಷ್ಟು ಬಿಗಿತವಿದೆ ಎಂಬುದನ್ನು. ಸೈಟೊಕಲಾಸಿನ್ ಕೊಟ್ಟಾಗ ಬಿಗಿತ ಹೋಗಿ ಯಾಪ್ ನ್ಯೂಕ್ಲಿಯಸ್‌ನಿಂದ ಹೊರಬೀಳುತ್ತದೆ, ಎಮ್‌ಆರ್‌ಟಿಎಫ್ ಒಳಹೋಗುತ್ತದೆ. ಒಂದು ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ. ಯಾವುದು ಗೆಲ್ಲುತ್ತದೆ ಎಂಬುದು ಸೆಲ್ ಎಷ್ಟು ಒತ್ತಾಗಿ ಬೆಳೆದಿತ್ತು, ಮೀಡಿಯಂನಲ್ಲಿ ಸೀರಂ ಎಷ್ಟಿತ್ತು ಎಂಬುದರ ಮೇಲೆ ನಿಂತಿದೆ. ಸೀರಂನಲ್ಲಿ ಎಲ್‌ಪಿಎ, ಎಸ್1ಪಿ ಎಂಬ ಲಿಪಿಡ್‌ಗಳಿವೆ. ಇವು ಆ್ಯಕ್ಟಿನ್ ಎಳೆ ಕಟ್ಟಿಸುವ ರೋ ಪ್ರೋಟೀನ್ ಮೂಲಕ ಎರಡೂ ದಾರಿಗಳನ್ನು ತೆರೆಯುತ್ತವೆ. ಔಷಧ ಕೊಡುವ ಮೊದಲು ಕೆಲವು ಗಂಟೆ ಸೀರಂ 0.5%ಕ್ಕೆ ಇಳಿಸಿ, ಎಲ್ಲ ವೆಲ್‌ಗೂ ಒಂದೇ ಬ್ಯಾಚಿನದ್ದೇ ಹಾಕಿ. ಸೆಲ್ ಹಾಕುವಾಗ ಎಣಿಸಿ ಹಾಕಿ. ಚದರ ಸೆಂ.ಮೀ.ಗೆ 5,000 ಹಾಕಿದ ವೆಲ್ ಮತ್ತು 50,000 ಹಾಕಿದ ವೆಲ್, ಯಾಪ್ ಮಟ್ಟಿಗೆ ಎರಡು ಬೇರೆ ಪ್ರಯೋಗಗಳೇ.

ಔಷಧಗಳನ್ನು ಹೀಗೆ ಜೋಡಿಸಿ: ಸೈಟೊಕಲಾಸಿನ್ ಡಿ 1 ಮೈಕ್ರೊಮೋಲಾರ್, ಲ್ಯಾಟ್ರುನ್ಕುಲಿನ್ ಬಿ 0.5, ರೋ-ಕೈನೇಸ್ ತಡೆಯುವ ವೈ-27632 10 ಮೈಕ್ರೊಮೋಲಾರ್. ಎಮ್‌ಆರ್‌ಟಿಎಫ್ ದಾರಿಯ ಜೀನ್ ಆಗಿದ್ದರೆ ಮೊದಲನೆಯದರಲ್ಲಿ ಏರಿ ಉಳಿದೆರಡರಲ್ಲಿ ಇಳಿಯಬೇಕು. ಯಾಪ್ ದಾರಿಯದಾದರೆ ಮೂರರಲ್ಲೂ ಇಳಿಯಬೇಕು. ಮೂರರಲ್ಲೂ ಅಲುಗದಿದ್ದರೆ ಆ ಜೀನ್‌ಗೆ ಚೌಕಟ್ಟಿನ ಮಾತು ಕೇಳಿಸುತ್ತಿಲ್ಲ ಅಂತ ತಾತ್ಕಾಲಿಕವಾಗಿ ಹೇಳಬಹುದು. ಒಂದೇ ಔಷಧದಿಂದ "ಆ್ಯಕ್ಟಿನ್ ಬೇಕು" ಅಥವಾ "ಬೇಡ" ಅಂತ ಬರೆದ ವಾಕ್ಯವನ್ನು ನಾನಂತೂ ನಂಬುವುದಿಲ್ಲ.

ಎರಡು ಎಚ್ಚರಿಕೆ. ಎಳೆ ಗಟ್ಟಿಮಾಡುವ ಜಾಸ್‌ಪ್ಲಾಕಿನೊಲೈಡ್ ಬಳಸಿದರೆ ಫ್ಯಾಲಾಯ್ಡಿನ್ ಬಣ್ಣವನ್ನು ನಂಬಬೇಡಿ, ಎರಡೂ ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಎಳೆ ಗಟ್ಟಿಯಾಗಿದ್ದರೂ ಚಿತ್ರ ಕಪ್ಪಾಗಿ ಬರುತ್ತದೆ. ಬಿಗಿತ ತಗ್ಗಿಸುವ ಬ್ಲೆಬ್ಬಿಸ್ಟಾಟಿನ್ ನೀಲಿ ಬೆಳಕಿಗೆ ಹಾಳಾಗಿ ಸೆಲ್‌ಗೇ ವಿಷವಾಗುತ್ತದೆ, ಹಸಿರು ಪ್ರೋಟೀನ್ ಇರುವ ಸೆಲ್‌ಗೆ ಬೇಡ. ಫ್ಯಾಲಾಯ್ಡಿನ್‌ಗೆ ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿದರೂ ಕೆಲಸ ಕೆಡುತ್ತದೆ. 4% ಪ್ಯಾರಾಫಾರ್ಮಾಲ್ಡಿಹೈಡ್ 15 ನಿಮಿಷ, ಆಮೇಲೆ 0.1% ಟ್ರೈಟಾನ್ 5 ನಿಮಿಷ, ಅಷ್ಟೇ.

ಶಹಾಬಾದ್_ಹಾಸು, ಕಲಬುರಗಿ:

ತಂಗಿ, ಶೇಕರ್ ಲೆಕ್ಕದಾಗ ಆರ್ಬಿಟ್‌ನ ವ್ಯಾಸ ಹಾಕೀರಿ. ಸೂತ್ರಕ್ಕ ಬೇಕಾದ್ದು ತ್ರಿಜ್ಯ. ಕಂಪನಿಯವರು ಪಟ್ಟಿ ಮ್ಯಾಲ ಬರೆಯೋ 20 ಮಿ.ಮೀ. ವ್ಯಾಸ, ಅಂದ್ರ ತ್ರಿಜ್ಯ 1 ಸೆಂ.ಮೀ. ಲೆಕ್ಕ ನೋಡ್ರಿ: 210 ಆರ್‌ಪಿಎಂ ಅಂದ್ರ ಸೆಕೆಂಡಿಗೆ 3.5 ಸುತ್ತು, 2 ಪೈ ಇಂದ ಗುಣಿಸಿದ್ರ 22. ಅದರ ಘನ ಸುಮಾರು 10,600. ಮೀಡಿಯಂ ಸಾಂದ್ರತೆ 1, ಸ್ನಿಗ್ಧತೆ 37 ಡಿಗ್ರಿಗೆ 0.0072 ಪಾಯ್ಸ್, ಗುಣಿಸಿ ವರ್ಗಮೂಲ ತಗದ್ರ 8.75. ತ್ರಿಜ್ಯ 1 ಇಂದ ಗುಣಿಸಿದ್ರ 8.75 ಡೈನ್. ನಿಮ್ಮ 17.5ರ ಅರ್ಧ.

ಅದೂ ಅಂಚಿನ ಹತ್ತಿರದ ಅಂಕಿ. ಪರಾತದಾಗ ನೀರು ಹಾಕಿ ತಿರುವಿದ್ರ ನೀರು ಅಂಚಿಗೆ ಏರಿ ಸುತ್ತತದಲ್ಲ, ಇಲ್ಲೂ ಹಂಗೇ. ಅಂಚಿನಾಗ ಸೆಳೆತ ಹೆಚ್ಚು, ಒಂದೇ ದಿಕ್ಕಿನ ಕಡೆ ವಾಲಿದ್ದು. ನಟ್ಟನಡು ಸೆಳೆತ ಕಡಿಮಿ, ದಿಕ್ಕು ಗಳಿಗಿಗೊಮ್ಮೆ ಬದಲಿ. ಅದಕ್ಕ ನಡುವಿನ ಸೆಲ್ ಉದ್ದ ಆಗಿಲ್ಲ. ನಡುವಿನವು ಉರಿಯೂತದ ಜೀನ್ ವಿಕ್ಯಾಮ್-1, ಇ-ಸೆಲೆಕ್ಟಿನ್ ಕಡೆ ವಾಲ್ತಾವ, ಅಂಚಿನವು ರಕ್ತನಾಳ ಕಾಯೋ ಜೀನ್ ಕೆಎಲ್‌ಎಫ್2, ಇ-ನಾಸ್ ಕಡೆ. ಇಡೀ ವೆಲ್ ಒಟ್ಟಿಗೆ ಕರಗಿಸಿದ್ರ ಎರಡೂ ಸೇರಿ ಚೌಚೌ ಆಗ್ತದ.

ಇದನ್ನೇ ಉಪಯೋಗಕ್ಕ ತಗೋಬಹುದು. ಪಂಪ್ ಕೊಳ್ಳಲಿಕ್ಕ ರೊಕ್ಕ ಇಲ್ಲದ ಲ್ಯಾಬ್‌ಗೆ ಒಂದೇ ವೆಲ್‌ನಾಗ ಎರಡು ಬಗೆಯ ಹರಿವು ಪುಕ್ಕಟೆ ಸಿಗ್ತದ. ವೆಲ್ ತ್ರಿಜ್ಯ 17.5 ಮಿ.ಮೀ. ಪ್ಲೇಟ್ ಕೆಳಗ ಮಾರ್ಕರ್‌ಲಿಂದ 8 ಮಿ.ಮೀ. ತ್ರಿಜ್ಯದ ವೃತ್ತ ಎಳೀರಿ. ಮೀಡಿಯಂ ತಗದು ತಣ್ಣನ ಪಿಬಿಎಸ್‌ಲಿಂದ ತೊಳದು, ನಡುವಿನವನ್ನ ಸ್ಕ್ರೇಪರ್‌ಲಿಂದ ಕೆರದು ತಗೀರಿ, ಇನ್ನೊಮ್ಮೆ ತೊಳೀರಿ, ಆಮ್ಯಾಲ ಅಂಚಿನ ಪಟ್ಟಿಗೆ ಲೈಸಿಸ್ ಬಫರ್ ಹಾಕ್ರಿ. 8ರಿಂದ 11 ಮಿ.ಮೀ. ನಡುವಿನ ಪಟ್ಟಿ ಯಾವ ಕಡೆಗೂ ಸೇರಂಗಿಲ್ಲ, ಕೆರದು ಚೆಲ್ಲಿಬಿಡ್ರಿ. ಎಲ್ಲಾ ಕೆಲಸ ಶೇಕರ್ ನಿಂತ ಎರಡು ಮೂರು ನಿಮಿಷದಾಗ ಮುಗೀಬೇಕು. ಕೆಎಲ್‌ಎಫ್2 ಎಂಆರ್‌ಎನ್‌ಎ ಬಾಳ್ವಿ ಭಾಳ ಕಡಿಮಿ, ಹರಿವು ನಿಂತ್ರ ಇಳಿಯಾಕ ಶುರು.

ಇದೇ ಕಾರಣಕ್ಕ ಶೇಕರ್ ಯುಪಿಎಸ್ ಮ್ಯಾಲ ಇರಬೇಕು. ಕರೆಂಟ್ ಹೋಗಿ ಜನರೇಟರ್ ಹತ್ತೂದ್ರಾಗ ಹೋದ ಹೊತ್ತು ಸೆಲ್‌ಗೆ ಗೊತ್ತಾಗ್ತದ, ಮತ್ತ ಎಷ್ಟೋ ಶೇಕರ್ ಕರೆಂಟ್ ಬಂದ ಮ್ಯಾಲ ತಾನಾಗಿ ಶುರು ಆಗಂಗಿಲ್ಲ. ರಾತ್ರಿ ಕರೆಂಟ್ ಹೋಗಿ ಬಂದದ್ದು ಮುಂಜಾನಿ ಯಾರಿಗೂ ತಿಳಿಯಂಗಿಲ್ಲ.

ಬ್ಯಾಸಿಗಿ ಮಾತು ಬ್ಯಾರೆನೇ ಅದ. ಸಾದಾ ಸಿಓ2 ಇನ್‌ಕ್ಯುಬೇಟರ್‌ಗೆ ಕಾಸೋದು ಬರ್ತದ, ತಂಪು ಮಾಡೋದು ಬರಂಗಿಲ್ಲ. ಹೊರಗಿನ ಕೋಣಿ 37ಕ್ಕಿಂತ ಕನಿಷ್ಠ 5 ಡಿಗ್ರಿ ಕಡಿಮಿ ಇದ್ರ ಮಾತ್ರ ಅದು ಹಿಡಿತದಾಗ ಇರ್ತದ. ಮೇ ತಿಂಗಳ ಕಲಬುರಗಿಯಾಗ 42 ಡಿಗ್ರಿ ದಾಟಿದಾಗ ಎಸಿ ಬಂದ್ ಇಟ್ರ ಒಳಗ 38-39 ಆಗ್ತದ, ಮ್ಯಾಲ ಶೇಕರ್ ಮೋಟಾರ್ ಬಿಸಿ. ಆವಾಗ ಏರೋದು ಬಿಸಿಗೆ ಏರೋ ಜೀನ್ ಎಚ್‌ಎಸ್‌ಪಿ70, ಅದನ್ನ ನೀವು ಹರಿವಿನ ಗುಣ ಅಂತ ಬರೀತೀರಿ. ಒಂದು ಖಾಲಿ ವೆಲ್‌ನಾಗ ನೀರು ಹಾಕಿ ಥರ್ಮೋಕಪಲ್ ಮುಳುಗಿಸಿ ಇಡ್ರಿ, ಬಾಗಿಲ ಮ್ಯಾಲಿನ ಅಂಕಿ ನಂಬಬ್ಯಾಡ್ರಿ. ಹರಿವು ಕೊಡದ ಕಂಟ್ರೋಲ್ ಪ್ಲೇಟ್ ಸಹಿತ ಅದೇ ಶೆಲ್ಫ್ ಮ್ಯಾಲ, ಮೋಟಾರ್ ಬಾಜೂಕೇ ಇರಬೇಕು.

ಮುಂದ ಪಂಪ್ ಬಂದ್ರ ಪ್ಯಾರಲಲ್ ಪ್ಲೇಟ್ ಚೇಂಬರ್ (ಎರಡು ಸಮಾನಾಂತರ ಪ್ಲೇಟ್ ನಡುವ ಮೀಡಿಯಂ ಹರಿಯೋದು) ಕಟ್ರಿ. 2.5 ಸೆಂ.ಮೀ. ಅಗಲ, 0.025 ಸೆಂ.ಮೀ. ಎತ್ತರ ಇದ್ರ 12 ಡೈನ್‌ಗೆ ನಿಮಿಷಕ್ಕ 26 ಮಿ.ಲೀ. ಹರಿವು ಸಾಕು. ಎತ್ತರ ವರ್ಗದಾಗ ಬರ್ತದ. ಸಿಲಿಕೋನ್ ಗ್ಯಾಸ್ಕೆಟ್ ಬಿಗಿ ಮಾಡಿ 10% ಕುಗ್ಗಿದ್ರ ಸೆಳೆತ 23% ಏರ್ತದ. ಎಲ್ಲಾ ಸ್ಕ್ರೂ ಟಾರ್ಕ್ ಡ್ರೈವರ್‌ಲೇ ಬಿಗಿ ಮಾಡ್ರಿ. ಗುಳ್ಳಿ ಒಂದು ಹೋದ್ರ ಅದರ ದಾರಿ ಉದ್ದಕ್ಕ ಸೆಲ್ ಕಿತ್ತು ಹೋಗ್ತಾವ, ಮೀಡಿಯಂ ಮೊದಲ 37 ಡಿಗ್ರಿಗೆ ಕಾಸಿ ಗಾಳಿ ತಗೀರಿ.

ತೊಗರಿ_ಕಣಜ, ಕಲಬುರಗಿ:

ಎಲ್ಲರಿಗೂ ಧನ್ಯವಾದ. ಉಳಿದ ಸಿಡಿಎನ್‌ಎಯಲ್ಲಿ ಆರ್‌ಪಿಎಲ್‌ಪಿ0 ಓಡಿಸಿದೆ: ಡಿಎಂಎಸ್‌ಓ 19.0, ಸೈಟೊಕಲಾಸಿನ್ 19.0. ಅದರ ಲೆಕ್ಕದಲ್ಲಿ ಕೆಎಲ್‌ಎಫ್2 1.07, ಬೀಟಾ-ಆ್ಯಕ್ಟಿನ್ 3.5 ಪಟ್ಟು. ಹಾಗಾದರೆ ಕೆಎಲ್‌ಎಫ್2ಗೆ ಸೆಲ್‌ನ ಆಕಾರ ಬೇಕಿಲ್ಲ ಅಂತಲೇ? ಔಷಧವೂ ಇಲ್ಲದೆ, ಹರಿವೂ ಇಲ್ಲದೆ ಬರೀ ಆಕಾರದ ಪಾತ್ರ ತೋರಿಸಲು ದಾರಿ ಇದೆಯೇ?

ಬಿದರಿ_ಕುಸುರಿ, ಬೀದರ್:

ಆ ತೀರ್ಮಾನಕ್ಕೆ ಅವಸರ ಬೇಡ. ನೀವು ಔಷಧ ಕೊಟ್ಟದ್ದು 20 ಗಂಟೆ ಹರಿವಿನ ನಂತರ, ಅದೂ ಇಡೀ ವೆಲ್ ಸೇರಿಸಿ. ಅದರಿಂದ ಗೊತ್ತಾಗುವುದು ಇಷ್ಟೇ: ಆಗಲೇ ಏರಿದ್ದ ಕೆಎಲ್‌ಎಫ್2 ನಾಲ್ಕು ಗಂಟೆಯಲ್ಲಿ ಬೀಳಲಿಲ್ಲ.

ಕೆಎಲ್‌ಎಫ್2 ಶುರುವಾಗುವ ದಾರಿ ಆಕಾರಕ್ಕಿಂತ ಮೊದಲಿನದು. ಸೆಲ್-ಸೆಲ್ ಕೂಡುವ ಜಾಗದಲ್ಲಿ ಪಿಕ್ಯಾಮ್-1, ವಿಇ-ಕ್ಯಾಡ್ಹೆರಿನ್, ವಿಇಜಿಎಫ್ಆರ್2 ಎಂಬ ಮೂರು ಪ್ರೋಟೀನ್ ಸೇರಿ ಹರಿವನ್ನು ಗ್ರಹಿಸುತ್ತವೆ ಎಂಬುದು 2005ರಲ್ಲಿ ಗೊತ್ತಾಯಿತು. ಕೆಎಲ್‌ಎಫ್2 ಜೀನ್ ತನಕ ಸುದ್ದಿ ಮುಟ್ಟಿಸುವುದು ಮೆಕ್‌ಕೆ3, ಮೆಕ್5, ಇಆರ್‌ಕೆ5, ಮೆಫ್2 ಸರಣಿ. ಒಂದೆರಡು ಗಂಟೆಯಲ್ಲೇ ಏರಿಕೆ ಕಾಣುತ್ತದೆ, ಸೆಲ್ ಉದ್ದವಾಗಿ ಹರಿವಿನ ದಿಕ್ಕಿಗೆ ತಿರುಗಲು 12ರಿಂದ 24 ಗಂಟೆ ಹಿಡಿಯುತ್ತದೆ. ಆದ್ದರಿಂದ ಮೊದಲ ಏರಿಕೆಗೆ ಆಕಾರ ಕಾರಣವಲ್ಲ, ಅದು ದಿನಗಟ್ಟಲೆ ಉಳಿಯುವುದಕ್ಕೆ ಕಾರಣ ಇರಬಹುದು. 1, 4, 12, 24, 48 ಗಂಟೆಗೆ ಮಾದರಿ ತೆಗೆದು, ಪಕ್ಕದಲ್ಲೇ ಸೆಲ್‌ಗಳ ಉದ್ದ-ಅಗಲದ ಅನುಪಾತ ಅಳೆದು ಇಡಿ.

ಬರೀ ಆಕಾರಕ್ಕೆ ದಾರಿ ಮೈಕ್ರೊಪ್ಯಾಟರ್ನ್. 1997ರಲ್ಲಿ ಕ್ಯಾಪಿಲರಿ ಎಂಡೋಥೀಲಿಯಲ್ ಸೆಲ್‌ಗಳನ್ನು ಸೆಲ್ ಅಂಟಿಕೊಳ್ಳುವ ಪ್ರೋಟೀನ್ ಫೈಬ್ರೊನೆಕ್ಟಿನ್‌ನ ಪುಟ್ಟ ದ್ವೀಪಗಳ ಮೇಲೆ ಕೂರಿಸಿ ತೋರಿಸಿದ್ದು ಪ್ರಸಿದ್ಧ: ಸಣ್ಣ ದ್ವೀಪದ ಮೇಲೆ ಸೆಲ್ ಸಾಯುತ್ತದೆ, ದೊಡ್ಡದರ ಮೇಲೆ ಬೆಳೆಯುತ್ತದೆ. ಅದರ ಜಾಣತನ ಇನ್ನೊಂದು ಕಡೆ ಇದೆ. ದ್ವೀಪವನ್ನು ಚೂರುಚೂರು ಚುಕ್ಕೆಗಳಾಗಿ ಹರಡಿ, ಅಂಟಿಕೊಳ್ಳುವ ಒಟ್ಟು ಜಾಗ ಅಷ್ಟೇ ಇಟ್ಟು ಸೆಲ್ ಮಾತ್ರ ಅಗಲವಾಗಿ ಹರಡುವಂತೆ ಮಾಡಿದಾಗಲೂ ಅದು ಬದುಕಿತು. ಅಂದರೆ ಲೆಕ್ಕಕ್ಕೆ ಬಂದದ್ದು ಹರಡಿಕೆ. ಮುಂದೆ ಉದ್ದ ಪಟ್ಟಿಗಳ ಮೇಲೆ ಬೆಳೆಸಿದ, ಹರಿವನ್ನೇ ಕಾಣದ ಸೆಲ್‌ಗಳಿಗೆ ಉರಿಯೂತ ಎಬ್ಬಿಸುವ ಟಿಎನ್‌ಎಫ್-ಆಲ್ಫಾ ಕೊಟ್ಟು ನೋಡಿದರೆ ವಿಕ್ಯಾಮ್-1, ಇ-ಸೆಲೆಕ್ಟಿನ್ ಕಡಿಮೆ ಏರಿದವು. ನಿಮಗೆ ಬೇಕಾದ ಪ್ರಯೋಗ ಇದೇ.

ಮಾಡುವ ರೀತಿ: ಸಿಲಿಕಾನ್ ಅಚ್ಚು ನಮ್ಮ ಕಡೆ ಆಗದು, ಬೆಂಗಳೂರಿನ ಐಐಎಸ್‌ಸಿಯಂಥ ಕ್ಲೀನ್‌ರೂಮ್ ಇರುವ ಕಡೆ ಮಾಡಿಸಬೇಕು; ಒಂದು ಅಚ್ಚಿನಿಂದ ಹತ್ತಾರು ಮುದ್ರೆ ಬರುತ್ತವೆ. ಪಟ್ಟಿ ಅಗಲ 30 ಮೈಕ್ರಾನ್, ನಡುವೆ ಬಿಡುವು ಅಷ್ಟೇ. ಹೋಲಿಕೆಗೆ ಅದೇ ಮುದ್ರೆಯ ಮೇಲೆ ಪಟ್ಟಿಯಿಲ್ಲದ ಚೌಕ ಒಂದಿರಲಿ. ಮುದ್ರೆಗೆ ಪಿಡಿಎಂಎಸ್ (ಸಿಲಿಕೋನ್ ರಬ್ಬರ್) ಮತ್ತು ಅದನ್ನು ಗಟ್ಟಿಮಾಡುವ ದ್ರವ 10:1 ಬೆರೆಸಿ, ಗುಳ್ಳೆ ತೆಗೆದು, 65 ಡಿಗ್ರಿಯಲ್ಲಿ ನಾಲ್ಕು ಗಂಟೆ. ಮುದ್ರೆಯ ಮೇಲೆ ಫೈಬ್ರೊನೆಕ್ಟಿನ್ ಮಿ.ಲೀ.ಗೆ 50 ಮೈಕ್ರೊಗ್ರಾಂ, ಒಂದು ಗಂಟೆ; ತೊಳೆದು, ಪೂರ್ತಿ ಒಣಗಿಸಿ, ಪಿಡಿಎಂಎಸ್ ಲೇಪಿಸಿದ ಕವರ್‌ಸ್ಲಿಪ್ ಮೇಲೆ 5 ನಿಮಿಷ ಇಡಿ. ಬೆರಳಿನಿಂದ ಒತ್ತಿದರೆ ಮುದ್ರೆಯ ಛಾವಣಿ ಕುಸಿದು ಬಿಡುವಿನಲ್ಲೂ ಪ್ರೋಟೀನ್ ಅಂಟುತ್ತದೆ. ಅದರ ಸ್ವಂತ ತೂಕವೇ ಸಾಕು. ಉಳಿದ ಜಾಗಕ್ಕೆ ಸೆಲ್ ಅಂಟದಂತೆ ಪ್ಲುರೋನಿಕ್ ಎಫ್-127 0.2%, ಒಂದು ಗಂಟೆ. ಬರೀ ಗಾಜಿಗೆ ಪ್ಲುರೋನಿಕ್ ನಿಲ್ಲುವುದಿಲ್ಲ, ಒಂದು ದಿನದಲ್ಲಿ ಸೆಲ್‌ಗಳು ಗೆರೆ ದಾಟುತ್ತವೆ. ಸೆಲ್ ಹಾಕಿ ಒಂದು ಗಂಟೆಗೆ ಅಂಟದವನ್ನು ತೊಳೆಯಿರಿ, ಇಲ್ಲದಿದ್ದರೆ ಒಂದರ ಮೇಲೊಂದು ಕೂರುತ್ತವೆ.

ಪಟ್ಟಿಯ ಮೇಲೆ ಅಕ್ಕಪಕ್ಕದ ಸೆಲ್‌ಗಳ ಸಂಪರ್ಕ ಕಡಿಮೆಯಾಗುತ್ತದೆ, ಯಾಪ್ ಅದರಿಂದಲೂ ಏರುತ್ತದೆ. ಆಕಾರವನ್ನೂ ಸಂಪರ್ಕವನ್ನೂ ಬೇರೆ ಮಾಡಲು ವಿಇ-ಕ್ಯಾಡ್ಹೆರಿನ್ ಬಣ್ಣ ಹಾಕಿ, ಸೆಲ್ ಸಾಲಾಗಿ ಕೂಡಿಕೊಂಡ ಪಟ್ಟಿಗಳನ್ನು ಮಾತ್ರ ಎಣಿಸಿ. ಇನ್ನೊಂದು ಮಿತಿ ಪ್ಲಾಸ್ಟಿಕ್‌ನದು. ಮಾಮೂಲಿ ಡಿಶ್‌ನ ಗಡಸು ಗಿಗಾಪಾಸ್ಕಲ್‌ನಲ್ಲಿದೆ, ರಕ್ತನಾಳದ ಗೋಡೆಯದು ಕಿಲೊಪಾಸ್ಕಲ್‌ನಲ್ಲಿ. ಪ್ಲಾಸ್ಟಿಕ್ ಮೇಲೆ ವಿರಳವಾಗಿ ಹಾಕಿದ ಸೆಲ್‌ನಲ್ಲಿ ಯಾಪ್ ಆಗಲೇ ಒಳಗಿರುತ್ತದೆ, ಇನ್ನಷ್ಟು ಏರಲು ಜಾಗವೇ ಇರುವುದಿಲ್ಲ.

ಔಷಧ, ಪಟ್ಟಿ ಬಿಟ್ಟರೆ ಮೂರನೆಯ ದಾರಿ ನ್ಯೂಕ್ಲಿಯಸ್ ಎಳೆತ. ಆ್ಯಕ್ಟಿನ್ ಎಳೆ ನೆಸ್ಪ್ರಿನ್‌ಗೆ, ನೆಸ್ಪ್ರಿನ್ ಸನ್ ಪ್ರೋಟೀನ್‌ಗೆ, ಅದು ಒಳಗಿನ ಲ್ಯಾಮಿನ್ ಜಾಲಕ್ಕೆ ಜೋಡಣೆ. ಇದನ್ನು ಕಡಿಯಲು ನೆಸ್ಪ್ರಿನ್‌ನ ಸನ್‌ಗೆ ಅಂಟುವ ಕ್ಯಾಶ್ ತುಣುಕನ್ನು ಮಾತ್ರ ಸೆಲ್‌ನಲ್ಲಿ ಹೆಚ್ಚಾಗಿ ಮಾಡಿಸುತ್ತಾರೆ. ಸನ್‌ನ ಜಾಗವೆಲ್ಲ ಅದೇ ತುಂಬಿ ನಿಜವಾದ ನೆಸ್ಪ್ರಿನ್ ಕಳಚುತ್ತದೆ. ಆ್ಯಕ್ಟಿನ್ ಎಳೆ ಹೆಚ್ಚುಕಡಿಮೆ ಹಾಗೇ ಉಳಿದು ನ್ಯೂಕ್ಲಿಯಸ್ ಮೇಲಿನ ಎಳೆತ ಮಾತ್ರ ಹೋಗುವುದರಿಂದ ಔಷಧಕ್ಕಿಂತ ಚೊಕ್ಕ. ಹ್ಯೂವೆಕ್‌ಗೆ ಮಾಮೂಲಿ ಲಿಪಿಡ್ ಟ್ರಾನ್ಸ್‌ಫೆಕ್ಷನ್ ಸರಿಹೋಗದು, ಲೆಂಟಿವೈರಸ್ ಬೇಕಾಗುತ್ತದೆ. ಇಎ.ಎಚ್‌ವೈ926 ಸೆಲ್‌ನಲ್ಲಿ ಸುಲಭ ಅಂತ ಅದಕ್ಕೆ ಹೋಗಬೇಡಿ: ಅದು ಹ್ಯೂವೆಕ್ ಜೊತೆ ಶ್ವಾಸಕೋಶದ ಕ್ಯಾನ್ಸರ್ ಸೆಲ್ ಕೂಡಿಸಿ ಮಾಡಿದ್ದು, ಅದರ ಚೌಕಟ್ಟನ್ನು ರಕ್ತನಾಳದ್ದೆಂದು ಹೇಳಲು ಬರುವುದಿಲ್ಲ.

ನಾಡಿ_ಮಿಡಿತ, ಕಲಬುರಗಿ:

ನಾನು ಲ್ಯಾಬ್ ಕಡೆಯವನಲ್ಲ, ವಾರ್ಡ್ ಕಡೆಯವನು. ಕೊಬ್ಬಿನ ಗಡ್ಡೆ ಕುತ್ತಿಗೆಯ ಕರೋಟಿಡ್ ಕವಲೊಡೆಯುವಲ್ಲಿ ಹೊರಗೋಡೆಯ ಮೇಲೆ, ಮಹಾಪಧಮನಿಯ ಕಮಾನಿನ ಒಳಬಾಗಿನಲ್ಲಿ, ಎಡ ಕೊರೊನರಿ ಕವಲಿನಲ್ಲಿ ಹೆಚ್ಚು ಕಾಣುವುದು ವೆಲ್‌ನ ನಡುವಿನ ಸೆಲ್‌ಗಳಂತೆ ಅಲ್ಲೂ ಹರಿವು ಕೆಡುವುದರಿಂದಲೇ ಅಲ್ಲವೇ? ಕೊಲೆಸ್ಟ್ರಾಲ್ ರಕ್ತದ ತುಂಬ ಒಂದೇ ಇದ್ದರೂ ಗಡ್ಡೆಗೆ ಜಾಗ ಗೊತ್ತುಮಾಡುವುದು ಹರಿವು. ಹಾಗಿದ್ದರೆ ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಈ ಚೌಕಟ್ಟಿನ ಮೇಲೂ ಕೆಲಸ ಮಾಡುತ್ತದೆಯೇ?

ಬಿದರಿ_ಕುಸುರಿ, ಬೀದರ್:

ಡಿಶ್‌ನಲ್ಲಿ ಮಾಡುತ್ತದೆ ಡಾಕ್ಟ್ರೇ. ರೋ ಪ್ರೋಟೀನ್ ಮೆಂಬ್ರೇನ್‌ಗೆ ಅಂಟಲು ಜೆರಾನಿಲ್‌ಜೆರಾನಿಲ್ ಎಂಬ ಬಾಲ ಬೇಕು, ಅದು ಕೊಲೆಸ್ಟ್ರಾಲ್ ಆಗುವ ದಾರಿಯಲ್ಲೇ ತಯಾರಾಗುವುದು. ಸ್ಟಾಟಿನ್ ಆ ದಾರಿಯನ್ನು ಮೇಲೆಯೇ ಕಟ್ಟುತ್ತದೆ. ರೋ ಸಡಿಲವಾಗಿ ಆ್ಯಕ್ಟಿನ್ ಎಳೆ ತೆಳ್ಳಗಾಗುತ್ತದೆ, ಇ-ನಾಸ್ ಎಂಆರ್‌ಎನ್‌ಎ ಹೆಚ್ಚು ಹೊತ್ತು ಬಾಳುತ್ತದೆ, ಕೆಎಲ್‌ಎಫ್2 ಏರುತ್ತದೆ. ಆದರೆ ಡಿಶ್‌ನಲ್ಲಿ ಕೊಡುವುದು 1ರಿಂದ 10 ಮೈಕ್ರೊಮೋಲಾರ್, ಮಾತ್ರೆ ನುಂಗಿದವರ ರಕ್ತದಲ್ಲಿ ಇರುವುದು ನ್ಯಾನೊಮೋಲಾರ್ ಲೆಕ್ಕದಲ್ಲಿ. ರೋಗಿಯಲ್ಲಿ ಇದರ ಪಾಲು ಎಷ್ಟು ಅಂತ ಡಿಶ್ ನೋಡಿ ಹೇಳಬಾರದು.

ತೊಗರಿ_ಕಣಜ ಅವರೇ, ನಿಮ್ಮ ಔಷಧಗಳ ಸಾಲಿಗೆ ಇದನ್ನೂ ಸೇರಿಸುವುದಾದರೆ ಸಿಮ್ವಾಸ್ಟಾಟಿನ್ ನೇರ ಹಾಕಬೇಡಿ, ಅದು ಲ್ಯಾಕ್ಟೋನ್ ಎಂಬ ನಿಷ್ಕ್ರಿಯ ರೂಪದಲ್ಲಿ ಬರುತ್ತದೆ. ಎಥನಾಲ್‌ನಲ್ಲಿ ಕರಗಿಸಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ 50 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಪಿಎಚ್ 7.2ಕ್ಕೆ ತಂದು ಬಳಸಿ. ಪಕ್ಕದ ವೆಲ್‌ಗೆ ಸ್ಟಾಟಿನ್ ಜೊತೆ ಅದು ಕಟ್ಟಿದ ಹಂತದ ಮುಂದಿನ ವಸ್ತು ಮೆವಲೊನೇಟ್ 200 ಮೈಕ್ರೊಮೋಲಾರ್, ಇನ್ನೊಂದಕ್ಕೆ ಆ ಬಾಲದ ಕಚ್ಚಾವಸ್ತು ಜಿಜಿಪಿಪಿ 10 ಮೈಕ್ರೊಮೋಲಾರ್. ಎರಡರಲ್ಲೂ ಪರಿಣಾಮ ಅಳಿಸಿಹೋದರೆ ರೋ ಗುಂಪಿನ ಪ್ರೋಟೀನ್‌ಗಳ ಬಾಲದ್ದೇ ಕೆಲಸ ಅನ್ನಬಹುದು. ಮೆವಲೊನೇಟ್‌ನಲ್ಲಿ ಅಳಿಸಿ ಜಿಜಿಪಿಪಿಯಲ್ಲಿ ಅಳಿಸದಿದ್ದರೆ ಮೊದಲು ಜಿಜಿಪಿಪಿ ಸೀಸೆಯ ತಾರೀಖು ನೋಡಿ. ಮೈನಸ್ 20ರಿಂದ ಪದೇ ಪದೇ ಹೊರತೆಗೆದರೆ ಅದು ಬೇಗ ಕೆಡುತ್ತದೆ.